ಮೂರನೇ ಸಲ ಮೇಲೆಸೆದಾಗ

ಓಲ್ಶಿನ್, 11 ಫೆಬ್ರವರಿ 2018

ಲುತೆಕ್,

ಬದುಕಿದ್ದೀಯಾ? ಬದುಕಿದ್ರೆ ಇದನ್ನ ಓದು. ಇಲ್ಲದಿದ್ರೆ ನಿನ್ನ ಮನೇಲಿ ಯಾರಾದ್ರೂ ಓದಿ ಉತ್ತರ ಬರೀಲಿ. ನಿನ್ನಿಂದ ನನಗೆ ಒಂದು ಉತ್ತರ ಬರಬೇಕು, ಅದು ಬರದೆ ನಾನು ಸಾಯೋ ಹಾಗಿಲ್ಲ.

ನಾವು ಮಾತು ಬಿಟ್ಟು ನಲವತ್ತೊಂದು ವರ್ಷ ಐದು ತಿಂಗಳಾಯ್ತು. ಅಯ್ಯೋ ಪಾಪ, ಬೊಗುಶ್ ತಿಂಗಳು ಸಮೇತ ನೆನಪಿಟ್ಟಿದ್ದಾನೆ ಅಂತ ಉಬ್ಬಿಹೋಗಬೇಡ. ಸಿಟ್ಟಿಗೂ ಕ್ಯಾಲೆಂಡರ್ ಇರುತ್ತೆ. ಫೋನ್ ಮಾಡೋಣ ಅಂದ್ಕೊಂಡೆ. ಆದ್ರೆ ಹದಿನೇಳು ವರ್ಷ ಸೈಲೆನ್ಸರಿಲ್ಲದ ಇಂಜಿನ್ ಮೇಲೆ ಕೂತವನ ಕಿವಿ ಹೇಗಿರುತ್ತೆ ಅಂತ ನಿನಗೇ ಗೊತ್ತು. ಇಬ್ಬರು ಕಿವುಡರು ಸಮುದ್ರದ ಆಚೆ ಈಚೆ ನಿಂತು ‘ಏನಂದೆ? ಏನಂದೆ?’ ಅಂತ ಅರಚಿಕೊಳ್ಳೋದಕ್ಕಿಂತ ಕಾಗದವೇ ವಾಸಿ.

ವಿಷಯ ಏನಪ್ಪಾ ಅಂದ್ರೆ, ನಮ್ಮ ಓಲ್ಶಿನ್ ಸ್ಪೀಡ್‌ವೇ ಬೈಕ್ ರೇಸಿನ ಕ್ಲಬ್ಬಿಗೆ ಈ ಜೂನ್ ಹತ್ತಕ್ಕೆ ಎಪ್ಪತ್ತು ತುಂಬುತ್ತೆ. ಹಳೇ ಸವಾರರನ್ನ ತೆರೆದ ಕಾರಲ್ಲಿ ಟ್ರ್ಯಾಕ್ ಸುತ್ತ ಮೆರವಣಿಗೆ ಮಾಡಿಸ್ತಾರಂತೆ. ನಮ್ಮ ತಂಡದ ಹಳೇ ಸವಾರರು ಅಂದ್ರೆ ಈಗ ಊರಲ್ಲಿ ನಾನೊಬ್ಬನೇ. ಉಳಿದವರು ಸ್ಮಶಾನ ಸೇರಿದ್ರು, ನೀನು ಸ್ವೀಡನ್ ಸೇರಿದೆ. ಜೊತೆಗೆ ನನ್ನ ನೆನಪುಗಳನ್ನ ಪುಸ್ತಕ ಮಾಡಿ ಹಂಚ್ತಾರೆ. ಹನ್ನೊಂದು ಅಧ್ಯಾಯ ಬರೆದು ಮುಗಿಸಿದೆ. ಮೊದಲ ದಿನ ಬೈಕಿಗೆ ಬ್ರೇಕೇ ಇರಲ್ಲ ಅಂತ ಯಾರೂ ಹೇಳದೆ, ನಾನು ಬೇಲಿ ಮುರ್ಕೊಂಡು ಸಾಸೇಜ್ ಅಂಗಡಿಗೆ ನುಗ್ಗಿದ್ದು ಬಂದಿದೆ. ಮದುವೆ ದಿನ, ತಿರುವಿನಲ್ಲಿ ನೆಲಕ್ಕೂರೋಕೆ ಹಾಕೋ ಎಡ ಬೂಟಿನ ಉಕ್ಕಿನ ಅಟ್ಟೆ ಬಿಚ್ಚೋಕೆ ಮರೆತು ಚರ್ಚಿನ ಕಲ್ಲುಹಾಸಿನ ಮೇಲೆ ಕರ ಕರ ಅಂತ ನಡೆದು ಹೋಗಿದ್ದು, ಆ ಸದ್ದಿಗೆ ಪಾದ್ರಿ ಕಾಜ್ಯಾಳ ಹೆಸರನ್ನೇ ಮರೆತದ್ದು, ಅದೂ ಬಂದಿದೆ.

ಹನ್ನೆರಡನೇ ಅಧ್ಯಾಯದಲ್ಲಿ ಗಾಡಿ ನಿಂತುಬಿಟ್ಟಿದೆ. ಅದು 1976ರ ಸೆಪ್ಟೆಂಬರ್ ಹನ್ನೆರಡು, ಭಾನುವಾರ. ನಾನು ಗೆದ್ದೆ. ನೀವೆಲ್ಲಾ ಸೇರಿ ಪದ್ಧತಿ ಪ್ರಕಾರ ನನ್ನನ್ನ ಎತ್ತಿ ಆಕಾಶಕ್ಕೆ ಎಸೆದ್ರಿ. ಎರಡು ಸಲ ಹಿಡಿದ್ರಿ. ಮೂರನೇ ಸಲ ಹಿಡೀಲಿಲ್ಲ.

ಲುತೆಕ್, ಯಾಕೆ ಕೈ ಬಿಟ್ಟೆ? ಇಷ್ಟು ಹೇಳು, ಸಾಕು.

ಬೊಗುಮಿವ್ ವ್ಝೋಸ್

ಲುತೆಕ್, ನಾನು ಕಾಜ್ಯಾ. ಕಾಗದ ಅಂಟಿಸೋ ಮುಂಚೆ ಕದ್ದು ಬರೀತಿದ್ದೀನಿ. ಪಾದ್ರಿ ನನ್ನ ಹೆಸರು ಮರೀಲಿಲ್ಲ. ಮರೆತವನು ಇವನು.


ವೆಸ್ಟರ್‌ವಿಕ್, 2 ಮಾರ್ಚ್ 2018

ಬೊಗುಶ್,

ಬದುಕಿದ್ದೀನಿ. ಮಂಡಿ ಎರಡೂ ಹೊಸದು, ಹಲ್ಲು ಎಲ್ಲಾ ಹೊಸದು, ಉಳಿದದ್ದು ಹಳೇದು.

ಅವತ್ತೇ ಹೇಳಿದ್ದೆ, ಇವತ್ತೂ ಅದನ್ನೇ ಹೇಳ್ತೀನಿ. ಕೈ ಜಾರಿತು. ಕೈ ಅಂದ ಮೇಲೆ ಜಾರುತ್ತೆ. ಇದರ ಮೇಲೆ ಅಧ್ಯಾಯ ಬರೆಯೋಕೆ ಏನಿದೆ?

ಆದ್ರೆ ಪುಸ್ತಕ ಅಂದ್ಯಲ್ಲ, ಅದಕ್ಕೆ ಭಯ ಆಯ್ತು. ನಿನ್ನ ಬಾಯಲ್ಲಿ ಮೀನು ಹಿಡಿದ ಕಥೆ ಕೇಳಿದವನು ನಾನು. ಬೆರಳುದ್ದದ್ದು ಸಂಜೆ ಹೊತ್ತಿಗೆ ತೋಳುದ್ದ ಆಗಿರ್ತಿತ್ತು. ಅವತ್ತಿನ ಕೊನೇ ಓಟದ ಬಗ್ಗೆ ನೀನು ಏನು ಬರೀತೀಯ ಅಂತ ಇಲ್ಲಿಂದಲೇ ಕಾಣಿಸ್ತಿದೆ: ‘ಓಟ ಶುರುವಾಗೋ ಗೆರೆಯ ಫೀತಾ ಮೇಲೇಳ್ತಿದ್ದ ಹಾಗೇ ಸಿಡಿಲಿನಂತೆ ನುಗ್ಗಿದೆ’. ಎಲ್ಲಿ ನುಗ್ಗಿದೆ ಮಾರಾಯ? ಫೀತಾ ಮುಂದೆ ಬೂಟಿನಲ್ಲಿ ಗುಂಡಿ ತೋಡ್ತಾ ತೋಡ್ತಾ ಆಲೂಗಡ್ಡೆ ನೆಡೋ ಅಷ್ಟು ಆಳ ಮಾಡ್ಕೊಂಡೆ, ಚಕ್ರ ಅಲ್ಲೇ ಸಿಕ್ಕಿಹಾಕ್ಕೊಳ್ತು, ನಾಲ್ಕು ಜನರಲ್ಲಿ ನಾಲ್ಕನೆಯವನಾಗಿ ಹೊರಟೆ. ಮೊದಲ ತಿರುವಲ್ಲಿ ಎದುರಾಳಿ ತಂಡದ ಆ ಬಿಳಿ ಹೆಲ್ಮೆಟ್ಟಿನವನನ್ನ ಹೊರಗಡೆ ತಳ್ಳಿ ನಿನಗೆ ಒಳಗಡೆ ದಾರಿ ಬಿಟ್ಟವನು ನಾನು. ಆಮೇಲೆ ಮೂರು ಮುಕ್ಕಾಲು ಸುತ್ತು ನಿನ್ನ ಹಿಂದಿನ ಚಕ್ರ ಎರಚಿದ ಟ್ರ್ಯಾಕಿನ ಕಪ್ಪು ಪುಡಿ ತಿಂದೆ. ರಾತ್ರಿ ಊಟ ಬೇಕಾಗಲಿಲ್ಲ.

ಇದನ್ನ ಬರಿ. ಕೈ ವಿಷಯ ಬಿಡು.

ಲುತ್ಸ್ಯಾನ್ ಕುಬಾಲ್

ಕಾಜ್ಯಾ, ನೀನು ಕದ್ದು ಬರೆದದ್ದು ಓದಿದೆ. ನಾನೇ ಅವನ ಪಕ್ಕ ನಿಂತಿದ್ದೆನಲ್ಲ, ನಿನ್ನ ಹೆಸರನ್ನ ಅವನ ಕಿವಿಗೆ ಊದಿದವನು ನಾನು.


ಓಲ್ಶಿನ್, 26 ಮಾರ್ಚ್ 2018

ಲುತೆಕ್,

ಜಾರಿತಂತೆ! ಯಾರಿಗೆ ಕಿವಿ ಮೇಲೆ ಹೂವಿಡ್ತೀಯ? ತಿರುವಿನಲ್ಲಿ ಅಡ್ಡಡ್ಡ ಜಾರೋ ಬೈಕನ್ನ ಎರಡು ಕೈಯಲ್ಲಿ ಹಿಡಿದು ನಿಲ್ಲಿಸ್ತಿದ್ದವನು ನೀನು. ನಿನ್ನ ಕೈಯಿಂದ ಬೆಣ್ಣೆ ಸವರಿದ ಪಾರಿವಾಳ ಕೂಡ ತಪ್ಪಿಸ್ಕೊಳ್ತಿರಲಿಲ್ಲ. ಅರವತ್ತೆರಡು ಕಿಲೋ ತೂಕದ ನಾನು ಹೇಗೆ ಜಾರಿದೆ?

ಆ ದಿನ ನನಗೆ ನಿನ್ನೆ ನಡೆದ ಹಾಗಿದೆ. ನಾನು ಕೆಂಪು ಹೆಲ್ಮೆಟ್, ನೀನು ನೀಲಿ. ಕೊನೇ ಓಟ ಉಳಿದಿದೆ, ಒಂದನೇ ಜಾಗದ ಮೂರು ಅಂಕ, ಎರಡನೇ ಜಾಗದ ಎರಡು ಅಂಕ, ಎಲ್ಲಾ ನಮಗೇ ಬಂದ್ರೆ ಮಾತ್ರ ಕ್ಲಬ್ಬು ಮೇಲಿನ ಲೀಗಲ್ಲಿ ಉಳಿಯುತ್ತೆ. ಬಂತು. ಜನ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯೋದನ್ನೂ ಮರೆತು ಬೇಲಿ ಹತ್ತಿದ್ರು. ನಮ್ಮಪ್ಪ, ರೈಲ್ವೆ ಸಿಗ್ನಲ್ ಕ್ಯಾಬಿನ್‌ನಲ್ಲಿ ಬಿಟ್ರೆ ಬೇರೆಲ್ಲೂ ಓಡದ ಮನುಷ್ಯ, ಕೊರಳಲ್ಲಿ ದಾರ ಕಟ್ಟಿದ ಪೆನ್ಸಿಲ್ ಜೋತಾಡಿಸ್ಕೊಂಡು ಓಡಿ ಬಂದ್ರು. ಎಲ್ಲರೂ ನನ್ನನ್ನ ಎತ್ತಿದ್ರಿ. ಕಾಲ ಹತ್ರ ಮೆಕ್ಯಾನಿಕ್‌ಗಳು, ಎಡ ಹೆಗಲು ಅಪ್ಪ, ಬಲ ಹೆಗಲು ನೀನು. ನನಗೆ ಕಾಣಿಸ್ತಿದ್ದದ್ದು ಆಕಾಶ ಮಾತ್ರ, ಯಾರು ಎಲ್ಲಿದ್ರು ಅಂತ ಆಮೇಲೆ ನೀನೇ ಹೇಳಿದ್ದು. ಮೂರನೇ ಸಲ ಎಲ್ಲಕ್ಕಿಂತ ಎತ್ತರ ಹೋದೆ. ಧ್ವನಿವರ್ಧಕದಲ್ಲಿ ಓಟದ ಸಮಯ ಹೇಳ್ತಿದ್ರು. ‘ಹೊಸ ದಾಖಲೆ! ಎಪ್ಪತ್...’ ಅನ್ನೋವರೆಗೂ ಕೇಳಿಸ್ತು. ಉಳಿದದ್ದು ಜನರ ಕೂಗಲ್ಲಿ ಮುಳುಗಿತು, ಅಷ್ಟರಲ್ಲಿ ನೆಲಕ್ಕೆ ಬಿದ್ದಿದ್ದೆ.

ಬಲ ಹೆಗಲ ಮೂಳೆ ಎರಡು ತುಂಡು. ಹದಿನೇಳು ವರ್ಷ ಬೈಕ್ ಮೇಲಿಂದ ಬಿದ್ದಾಗ ಮುರೀದ ಮೂಳೆ, ಗೆದ್ದ ಖುಷಿಗೆ ಮುರೀತು! ಎಡಗಡೆಯವರು ಬಿಡದೆ ಹಿಡಿದಿದ್ದಕ್ಕೆ ಕುತ್ತಿಗೆ ಉಳೀತು ಅಂತ ಡಾಕ್ಟರ್ ಹೇಳಿದ್ರು. ಅಪ್ಪ ಇರೋವರೆಗೂ ಪ್ರತಿ ವರ್ಷ ಅವರ ಹೆಸರಿನ ಸಂತನ ಹಬ್ಬದ ದಿನ ಲೋಟ ಎತ್ತಿ ‘ನನ್ನ ಕುತ್ತಿಗೆ ಉಳಿಸಿದ ಕೈಗೆ!’ ಅಂತಿದ್ದೆ. ಅವರು ತಕ್ಷಣ ಎದ್ದು ಒಲೆ ನೋಡೋಕೆ ಹೋಗ್ತಿದ್ರು. ಹೊಗಳಿಸಿಕೊಳ್ಳೋದು ಅಂದ್ರೆ ಅವರಿಗೆ ಆಗ್ತಿರಲಿಲ್ಲ.

ಮುಂದಿನ ಭಾನುವಾರ ರಾಷ್ಟ್ರೀಯ ಫೈನಲ್. ನನ್ನ ಜನ್ಮಕ್ಕೆ ಒಂದೇ ಸಲ ಸಿಕ್ಕಿದ್ದು. ನನ್ನ ಜಾಗದಲ್ಲಿ ಹೋದದ್ದು ಯಾರು? ಬದಲಿ ಸವಾರ, ಶ್ರೀಮಾನ್ ಲುತ್ಸ್ಯಾನ್ ಕುಬಾಲ್! ಹೋಗಿ ಏನು ಕಡಿದು ಕಟ್ಟೆ ಹಾಕ್ದೆ? ಹದಿನಾರರಲ್ಲಿ ಹದಿನಾಲ್ಕನೆಯವನು. ಅದಾದ ಮೇಲೆ ಆ ಭುಜ ಬೈಕಿಗೆ ಬಗ್ಗಲೇ ಇಲ್ಲ. ನನ್ನ ಸವಾರಿ ಅಲ್ಲಿಗೆ ಮುಗೀತು.

ಲುತೆಕ್, ಹೊಟ್ಟೆಕಿಚ್ಚಿಗೆ ಕೈ ಬಿಟ್ಟೆ ಅಂತ ನೀನೇ ಒಪ್ಪಿಕೊಂಡ್ರೆ ನಾನು ಕ್ಷಮಿಸಿಬಿಡ್ತೀನಿ, ದೇವರಾಣೆ. ಒಪ್ಪಿಕೊಳ್ಳದಿದ್ರೆ ಹಾಗಂತ ಅಚ್ಚು ಹಾಕಿಸ್ತೀನಿ. ಮೇ ಹದಿನೈದಕ್ಕೆ ಅಚ್ಚಿಗೆ ಹೋಗುತ್ತೆ. ಊರೆಲ್ಲಾ ಓದುತ್ತೆ.

ಬೊಗುಶ್


ಓಲ್ಶಿನ್, 14 ಏಪ್ರಿಲ್ 2018

ಲುತೆಕ್,

ನಾನು ಕಾಜ್ಯಾ. ಈ ಸಲ ಅಂಚಿನಲ್ಲಿ ಅಲ್ಲ, ನನ್ನದೇ ಕಾಗದ. ಅವನಿಗೆ ಗೊತ್ತಿಲ್ಲ.

ಈಸ್ಟರ್ ಕಳೀತು, ನಿನ್ನ ಉತ್ತರ ಇಲ್ಲ. ಅವನು ಅಧ್ಯಾಯ ಬರೆದುಬಿಟ್ಟ. ಓದಿದೆ. ಚೆನ್ನಾಗಿಲ್ಲ. ಅಂದ್ರೆ ಬರವಣಿಗೆ ಚೆನ್ನಾಗಿದೆ, ಅದೇ ತೊಂದರೆ. ಅದನ್ನ ಓದಿದ ಮೇಲೆ ಓಲ್ಶಿನ್‌ನಲ್ಲಿ ಯಾರೂ ನಿನಗೆ ಒಂದು ಲೋಟ ನೀರೂ ಕೊಡಲ್ಲ. ರಾತ್ರಿ ನಿದ್ದೆ ಮಾಡಲ್ಲ, ಹಗಲು ಸಿಡುಕ್ತಾನೆ. ಸಿಟ್ಟು ಅಂತಾನೆ. ನಲವತ್ತಾರು ವರ್ಷ ಸಂಸಾರ ಮಾಡಿದವಳು ನಾನು, ಅದು ಸಿಟ್ಟಲ್ಲ. ನಿನ್ನನ್ನ ಕಳ್ಕೊಂಡಿದ್ದು ಅವನಿಗೆ ಆ ಮೂಳೆಗಿಂತ ಹೆಚ್ಚು ನೋವು.

ಇನ್ನೊಂದು ಪೀಕಲಾಟ. ಮಾವನ ಪೆಟ್ಟಿಗೆಯಲ್ಲಿ ಮೂವತ್ತು ವರ್ಷದ ಪ್ರೋಗ್ರಾಂ ಹಾಳೆಗಳಿವೆ, ಪ್ರತಿ ಓಟದ ಅಂಕ, ಸಮಯ ಎಲ್ಲಾ ತುಂಬಿಸಿ, ಒಂದು ಚೌಕವೂ ಖಾಲಿ ಬಿಡದೆ. ಆ ಒಂದು ದಿನದ್ದು ಮಾತ್ರ ಇಲ್ಲ. ಕ್ಲಬ್ಬಿನ ಕಾಗದ ಪ್ರವಾಹದಲ್ಲಿ ಹೋಯ್ತು. ಕೊನೆಗೆ ಅಂದಾಜಲ್ಲಿ ‘70.8 ಸೆಕೆಂಡು’ ಅಂತ ಬರೆದಿದ್ದಾನೆ.

ನಿನಗೇನಾದ್ರೂ ಗೊತ್ತಿದ್ರೆ ಹೇಳಿಬಿಡು. ಇಬ್ಬರೂ ಎಪ್ಪತ್ತು ದಾಟಿದ್ದೀರಿ.

ಕಾಜ್ಯಾ


ವೆಸ್ಟರ್‌ವಿಕ್, 24 ಏಪ್ರಿಲ್ 2018

ಬೊಗುಶ್,

ಎಪ್ಪತ್ತು ಪಾಯಿಂಟ್ ಎಂಟು? ನಿನಗೆ ತಲೆ ನೆಟ್ಟಗಿದೆಯಾ?

ಹೊಟ್ಟೆಕಿಚ್ಚಿನವನು ಅಂತ ಬರಿ, ಬೇಡ ಅನ್ನಲ್ಲ. ದ್ರೋಹಿ ಅನ್ನು. ಕೊಳೆತ ಹೆರಿಂಗ್ ಮೀನು ಅನ್ನು. ನನ್ನ ಫೋಟೋಗೆ ಕೊಂಬು ಬರೆದು ಅಚ್ಚು ಹಾಕಿಸು. ಸಹಿಸ್ಕೊಂಡು ಬಂದವನು, ಇನ್ನೂ ಸಹಿಸ್ತೀನಿ. ಆದ್ರೆ ಆ ಗುಂಡಿಗಳ ಟ್ರ್ಯಾಕಲ್ಲಿ, ಆ ಹಳೇ ಇಂಜಿನ್ ಹಾಕ್ಕೊಂಡು, ನಾಲ್ಕನೆಯವನಾಗಿ ಹೊರಟು, ಎಪ್ಪತ್ತು ಪಾಯಿಂಟ್ ಎಂಟು? ಓದಿದವರು ಬಾಯಲ್ಲಿ ನಗ್ತಾರೇನೋ! ನಾನು ಆ ಓಟದಲ್ಲಿದ್ದೆ ಕಣಯ್ಯ. ನಿನ್ನ ಹಿಂದೆ ಒಂದು ಬೈಕಿನ ಅಂತರದಲ್ಲಿದ್ದೆ. ನಿನ್ನ ಸುಳ್ಳು ಸಮಯ ನನ್ನ ಸಮಯವನ್ನೂ ಸುಳ್ಳು ಮಾಡುತ್ತೆ. ನನ್ನ ಹೆಸರು ಕೆಡಿಸು, ಓಟದ ಸಮಯ ಕೆಡಿಸಬೇಡ.

ಎಪ್ಪತ್ತೊಂದು ಪಾಯಿಂಟ್ ಎರಡು. ನಂಬಲ್ಲ ಅಂತ ಗೊತ್ತು. ಅದಕ್ಕೇ ಆ ದಿನದ ಪ್ರೋಗ್ರಾಂ ಹಾಳೆಯನ್ನೇ ಇದರಲ್ಲಿ ಇಟ್ಟಿದ್ದೀನಿ. ಹೇಗೆ ನನ್ನ ಹತ್ರ ಬಂತು ಅಂತ ಕೇಳಬೇಡ. ಕೊನೇ ಸಾಲು ನೋಡು, ತಿದ್ದು, ಸುಮ್ಮನಿರು.

ಲುತೆಕ್


ವೆಸ್ಟರ್‌ವಿಕ್, 25 ಏಪ್ರಿಲ್ 2018

ಬೊಗುಶ್,

ನಿನ್ನೆ ಹಾಕಿದ ಲಕೋಟೆ ತೆರೀಬೇಡ. ಹಾಗೇ ವಾಪಸ್ ಕಳಿಸು. ಸಿಟ್ಟಿನಲ್ಲಿ ಬುದ್ಧಿ ಓಡಲಿಲ್ಲ. ಬೆಳಿಗ್ಗೆ ಹೋಗಿ ಅಂಚೆ ಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ನೋಡಿದೆ. ಕೈ ಸಿಕ್ಕಿಹಾಕ್ಕೊಂಡಿತೇ ಹೊರತು ಲಕೋಟೆ ಸಿಗಲಿಲ್ಲ. ಬಿಡಿಸೋಕೆ ಅಂಚೆಯವನೇ ಬರಬೇಕಾಯ್ತು. ಕೇಳಿದ್ರೂ ಅವನು ಕೊಡಲಿಲ್ಲ, ಇಲ್ಲಿಯ ಜನಕ್ಕೆ ಕಾನೂನು ಅಂದ್ರೆ ಕಾನೂನು.

70.8 ಅಂತಲೇ ಬರ್ಕೋ. ಚೆನ್ನಾಗಿದೆ.

ಲುತೆಕ್


ಓಲ್ಶಿನ್, 3 ಮೇ 2018

ಲುತೆಕ್,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಕಾನೂನು ಪಾಲಿಸೋ ಸ್ವೀಡನ್ನಿನ ಅಂಚೆಯ ಮುಂದೆ ನಮ್ಮ ಅಂಚೆ ಆಮೆ. ನಾನು ದಪ್ಪಗಿದ್ದದ್ದನ್ನ ಮೊದಲು ತೆರೆದೆ.

70.8ರ ವಿಷಯ ನಿನಗೆ ಬರೆದದ್ದು ತಾನೇ ಅಂತ ಕಾಜ್ಯಾ ಒಪ್ಪಿಕೊಂಡಳು. ಸಮಯ ನೋಡಿದೆ. ಎಪ್ಪತ್ತೊಂದು ಪಾಯಿಂಟ್ ಎರಡು. ಸರಿ, ನೀನು ಹೇಳಿದ್ದೇ ಸರಿ. ಆಮೇಲೆ ಅಕ್ಷರ ನೋಡಿದೆ. ಏಳರ ಸೊಂಟಕ್ಕೆ ಅಡ್ಡ ಗೀಟು, ಒಂದರ ಮೂಗು ಉದ್ದ. ಅಪ್ಪನ ಕೈಬರಹ. ಆ ಎರಡರ ಬಾಲ ಮಾತ್ರ ನಿಲ್ಲಲೇ ಇಲ್ಲ. ಪೆನ್ಸಿಲ್ ಗೆರೆ ಹಾಳೆಯ ಅಡ್ಡಕ್ಕೆ ಎಳ್ಕೊಂಡು ಹೋಗಿ, ಅಂಚಿನವರೆಗೂ ಹರಿದಿದೆ. ಅಲ್ಲಿ ಕಾಗದ ತೂತಾಗಿದೆ, ತೂತಿನ ಸುತ್ತ ಟ್ರ್ಯಾಕಿನ ಕಪ್ಪು ಪುಡಿ ಇನ್ನೂ ಮೆತ್ತಿದೆ. ಸಮಯದ ಪಕ್ಕದಲ್ಲಿ ಅಂಕದ ಎರಡು ಚೌಕ, ನನ್ನದೊಂದು ನಿನ್ನದೊಂದು, ಖಾಲಿ. ಮೂವತ್ತು ವರ್ಷದಲ್ಲಿ ಅಪ್ಪ ಖಾಲಿ ಬಿಟ್ಟದ್ದು ಅವೆರಡೇ.

ಅಡುಗೆಮನೇಲಿ ಕೂತಿದ್ದೆ. ಕಾಜ್ಯಾ ಚಹಾ ಇಟ್ಟಳು, ಆರಿಹೋಯ್ತು, ಇನ್ನೊಂದು ಇಟ್ಟಳು, ಅದೂ ಆರಿಹೋಯ್ತು. ಸಮಯ ಹೇಳಿದ್ದು ನಾನು ಗಾಳೀಲಿದ್ದಾಗ. ಬರೆದದ್ದೂ ಆಗಲೇ. ಬರೆಯೋಕೆ ಕೈ ಬೇಕು. ಲುತೆಕ್, ಅಪ್ಪನ ಎರಡೂ ಕೈ ಹಾಳೆ ಮೇಲಿದ್ರೆ, ನನ್ನ ಹೆಗಲ ಕೆಳಗೆ ಯಾರ ಕೈ ಇತ್ತು?

ಬಲಗಡೆ ಇದ್ದದ್ದು ಅಪ್ಪ. ಎಡಗಡೆ ನೀನು. ಬಿಡದೆ ಹಿಡಿದವನು ನೀನು. ಹನ್ನೊಂದು ವರ್ಷ ಲೋಟ ಎತ್ತಿ ‘ಕುತ್ತಿಗೆ ಉಳಿಸಿದ ಕೈಗೆ’ ಅಂದೆ, ಆ ಮುದುಕ ಒಲೆ ನೋಡೋಕೆ ಎದ್ದು ಹೋಗ್ತಿದ್ದದ್ದು ಇದಕ್ಕಾ?

ಹೌದು ಅಂತ ಬರಿ. ಇಲ್ಲ ಅಂತ ಬರೆದ್ರೆ ನಾನೇ ಸ್ವೀಡನ್ನಿಗೆ ಬಂದು ಒದೀತೀನಿ.

ಬೊಗುಶ್


ವೆಸ್ಟರ್‌ವಿಕ್, 9 ಮೇ 2018

ಬೊಗುಶ್,

ಹೌದು.

ನಾನು ಬಾಯಿ ಬಿಡಲ್ಲ ಅಂತ ನಿಮ್ಮಪ್ಪ ವಿಂತ್ಸೆಂತಿ ಮಾಮನಿಗೆ ಮಾತು ಕೊಟ್ಟಿದ್ದೆ. ಬಿಟ್ಟೂ ಇಲ್ಲ, ನೀನೇ ಓದ್ಕೊಂಡೆ. ಇನ್ನು ಮುಚ್ಚಿಟ್ಟು ಏನು?

ಅವತ್ತು ಆಸ್ಪತ್ರೆ ಹೊರಗೆ ಮಾಮ ನನ್ನ ತೋಳು ಹಿಡ್ಕೊಂಡು ಅತ್ತುಬಿಟ್ರು. ‘ಮೂರನೇ ಸಲ ಜಾಸ್ತಿ ಎತ್ತರ ಎಸೀತಾರೆ ಅಂತ ಗೊತ್ತಿತ್ತು ಲುತೆಕ್. ಅವನು ಕೆಳಗೆ ಬರೋ ಅಷ್ಟರಲ್ಲಿ ಬರೆದು ಮುಗಿಸ್ತೀನಿ ಅಂದ್ಕೊಂಡೆ. ಹೊಸ ದಾಖಲೆ ಅಲ್ವಾ’ ಅಂದ್ರು. ಬೊಗುಶ್, ಅಂಥ ಹೊತ್ತಲ್ಲೂ ನನಗೆ ನಗು ತಡೆಯೋಕೆ ಆಗಲಿಲ್ಲ. ಮೂವತ್ತು ವರ್ಷ ರೈಲು ಒಂದಕ್ಕೊಂದು ತಾಗದ ಹಾಗೆ ನೋಡ್ಕೊಂಡ ಮನುಷ್ಯ, ಸ್ವಂತ ಮಗನ ಸಮಯ ಅರ್ಧ ಸೆಕೆಂಡು ತಪ್ಪಿದ್ರು. ಅವರೂ ನಕ್ಕರು, ಆಮೇಲೆ ಮತ್ತೆ ಅತ್ತರು.

ಕೈ ಜಾರಿದ್ದು ನಂದು ಅಂತ ನಾನು ಆಗಲೇ ನಿನಗೆ ಹೇಳಿಬಿಟ್ಟಿದ್ದೆ. ಅವರ ಮುಖ ನೋಡೋಕಾಗದೆ ಹೇಳಿದ್ದು. ಹೇಗೂ ನಾಲ್ಕು ದಿನ ಬೈದು ಸುಮ್ಮನಾಗ್ತೀಯ ಅಂದ್ಕೊಂಡೆ. ನೀನು ಫೈನಲ್ ಕಳ್ಕೊಂಡೆ, ನಾನು ಆ ಜಾಗಕ್ಕೆ ಹೋಗಬೇಕಾಯ್ತು, ಸಿಟ್ಟು ಬೆಳೀತಾ ಹೋಯ್ತು. ನಿಜ ಹೇಳಿಬಿಡೋಣ ಅಂತ ಮಾಮನನ್ನ ಕೇಳಿದೆ. ಅವರು ಅಂದ್ರು: ‘ನಿನ್ನ ಮೇಲೆ ಸಿಟ್ಟಾದ್ರೆ ಅವನಿಗೆ ಬರೋಕೆ ನನ್ನ ಮನೆ ಇದೆ. ನನ್ನ ಮೇಲೆ ಸಿಟ್ಟಾದ್ರೆ ಭಾನುವಾರ ಅವನು ಎಲ್ಲಿ ಉಣ್ತಾನೋ?’ ಸರಿ, ಹೇಳಲ್ಲ ಅಂತ ಮಾತು ಕೊಟ್ಟೆ. ಅಪ್ಪ ಅಮ್ಮ ಇಲ್ಲದ ನನಗೆ ಹನ್ನೆರಡು ವರ್ಷ ಅದೇ ಮೇಜಿನ ಮೇಲೆ ಕೋಳಿ ಸಾರು ಬಡಿಸಿದವರು ಅವರು. ನಾನು ಊರು ಬಿಡೋ ದಿನ ಸ್ಟೇಷನ್ನಿಗೆ ಬಂದು ಆ ಹಾಳೆ ಕೊಟ್ಟು, ಸುಟ್ಟುಬಿಡು ಅಂದ್ರು. ತುಂಬಿಸಿದ ಪ್ರೋಗ್ರಾಂ ಹಾಳೆ ಸುಡೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ?

ಫೈನಲ್ಲಿನಲ್ಲಿ ಹದಿನಾಲ್ಕನೆಯವನಾಗಿದ್ದು ಮಾತ್ರ ನಾನೇ ಸ್ವಂತ ಶಕ್ತಿಯಿಂದ. ಅದಕ್ಕೆ ಯಾರನ್ನೂ ದೂರಬೇಡ.

ಮಾಮನ ಮೇಲೆ ಸಿಟ್ಟಾಗಬೇಡ. ಅವರ ಹೆಸರು ಅಚ್ಚು ಹಾಕಿಸಬೇಡ. ನಂದೇ ಇರಲಿ, ನನಗೆ ಅಭ್ಯಾಸ ಆಗಿದೆ.

ಲುತೆಕ್


ಓಲ್ಶಿನ್, 17 ಮೇ 2018

ಲುತೆಕ್,

ಅಭ್ಯಾಸ ಆಗಿದೆಯಂತೆ! ಕತ್ತೆ ಕಣೋ ನೀನು. ನಾನು ನಿನಗಿಂತ ದೊಡ್ಡ ಕತ್ತೆ. ನಲವತ್ತೊಂದು ವರ್ಷ ನಿನ್ನ ಕುರ್ಚಿ ಖಾಲಿ ಇಟ್ಟವನು ನಾನು. ತಪ್ಪಾಯ್ತು ಲುತೆಕ್. ಇದನ್ನ ಬರೆಯೋಕೆ ನಾಲ್ಕು ಹಾಳೆ ಹರಿದು ಹಾಕಿದ್ದೀನಿ.

ಮೊನ್ನೆ ಅಪ್ಪನ ಸಮಾಧಿಗೆ ಹೋಗಿದ್ದೆ. ಚೆನ್ನಾಗಿ ಬೈದೆ. ಪಕ್ಕದ ಸಮಾಧಿಗೆ ಹೂವಿಡ್ತಿದ್ದ ಹೆಂಗಸು ಬಕೆಟ್ ಬಿಟ್ಟು ಓಡಿದಳು. ಬೈದು ಮುಗಿದ ಮೇಲೆ ದೀಪ ಹಚ್ಚಿ, ‘71.2, ಸರಿಯಾಗೇ ಬರೆದಿದ್ದೀಯಪ್ಪಾ’ ಅಂತ ಹೇಳಿ ಬಂದೆ.

ಹನ್ನೆರಡನೇ ಅಧ್ಯಾಯ ಹರಿದು ಹೊಸದಾಗಿ ಬರೆದು ಕೊಟ್ಟೆ. ಅಚ್ಚಿನವನು ಎರಡು ದಿನ ತಡ ಆಯ್ತು ಅಂತ ಗೊಣಗಿದ. ಮೂರೇ ಸಾಲು. ‘ಗೆದ್ದೆವು. ಮೂರನೇ ಸಲ ಮೇಲೆಸೆದಾಗ ಅವಸರ ಪಟ್ಟು ಬೇಗ ಕೆಳಗೆ ಬಂದೆ, ತಪ್ಪು ನನ್ನದೇ. ಆಲೂಗಡ್ಡೆ ಗುಂಡಿಯಿಂದ ನನ್ನನ್ನ ಎಳೆದು ಮುಂದೆ ಬಿಟ್ಟವನೂ, ನೆಲಕ್ಕೆ ಬೀಳುವಾಗ ಕುತ್ತಿಗೆ ಉಳಿಸಿದವನೂ ಲುತ್ಸ್ಯಾನ್ ಕುಬಾಲ್.’ ಕೆಳಗೆ ಸಮಯ ಹಾಕಿದ್ದೀನಿ, ಹೆದರಬೇಡ, ಸರಿಯಾದದ್ದೇ.

ಜೂನ್ ಎಂಟರ ಹಡಗಿಗೆ ನಿನ್ನ ಹೆಸರು ಬರೆಸಿದ್ದೀನಿ. ಮಾರನೇ ಬೆಳಿಗ್ಗೆ ಗ್ಡಿನಿಯಾ ಬಂದರಲ್ಲಿ ನಾನೇ ನಿಂತಿರ್ತೀನಿ. ತೆರೆದ ಕಾರಲ್ಲಿ ಇಬ್ಬರಿಗೆ ಜಾಗ ಇದೆ. ಕ್ಲಬ್ಬಿನ ಹುಡುಗರು ಹಳೇ ಸವಾರರನ್ನ ಪದ್ಧತಿ ಪ್ರಕಾರ ಮೇಲೆಸೀತೀವಿ ಅಂದ್ರು. ಕಾಜ್ಯಾ ಪೊರಕೆ ತಗೊಂಡು ಕ್ಲಬ್ಬಿಗೇ ಹೋಗಿ ಆ ಮಾತು ಅಲ್ಲಿಗೇ ನಿಲ್ಲಿಸಿ ಬಂದಿದ್ದಾಳೆ.

ಹಾಳೆ ಮೇಜಿನ ಮೇಲಿದೆ. ಎರಡು ಚೌಕ ಇನ್ನೂ ಖಾಲಿ. ಪೆನ್ಸಿಲ್ ತರಬೇಡ, ಅಪ್ಪಂದೇ ದಾರದ ಸಮೇತ ಸಿಕ್ಕಿತು, ಕೆತ್ತಿ ಇಟ್ಟಿದ್ದೀನಿ. ನನ್ನ ಮೂರು ನಾನು ಬರೀತೀನಿ, ನಿನ್ನ ಎರಡು ನೀನು ಬರಿ. ಬರೆದಾದ ಮೇಲೆ ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ. ಹತ್ತನೇ ತಾರೀಕು ಭಾನುವಾರ, ಕೋಳಿ ಸಾರು.

ಬೊಗುಶ್